ಬೀರುವಿನೊಳಗಿನ ಕೈಗವಸು, ಬರಿಗೈಯಲ್ಲಿ ಬಿಚ್ಚಿದ ಗಂಟು

ರಾಸಾಯನಿಕ ಮತ್ತು ಜೈವಿಕ ದಾಳಿ ಸನ್ನದ್ಧತಾ ಸಮಿತಿಯ ಮಾನ್ಯ ಅಧ್ಯಕ್ಷರೇ,

ನಮ್ಮ ಆಸ್ಪತ್ರೆಗೆ ನೀವು ಕೊಡುತ್ತೇವೆ ಎಂದದ್ದು: ಮೈ ಪೂರಾ ಮುಚ್ಚುವ ನಲವತ್ತು ರಕ್ಷಣಾ ಉಡುಪು, ದಪ್ಪ ರಬ್ಬರಿನ ಕೈಗವಸು, ಬಾಗಿಲಲ್ಲೇ ರೋಗಿಗಳ ಮೈ ತೊಳೆಯುವ ಕೋಣೆ, ಕಸ ಗುಡಿಸುವವರಿಂದ ಹಿಡಿದು ಎಲ್ಲರಿಗೂ ತರಬೇತಿ. ಸಿಕ್ಕಿದ್ದು: ಉಡುಪು, ಕೈಗವಸು ಬಂದವು, ಬಂದಂತೆಯೇ ಬೀರು ಸೇರಿ ಅರಗಿನ ಸೀಲ್ ಹಾಕಿಸಿಕೊಂಡವು. ತೊಳೆಯುವ ಕೋಣೆಯಲ್ಲಿ ನಿಮ್ಮ ಸಮಿತಿಯ ಕುರ್ಚಿಗಳಿವೆ. ತರಬೇತಿ ವೈದ್ಯರಿಗೆ, ದಾದಿಯರಿಗೆ ಮಾತ್ರ. ನೆಲಮಾಳಿಗೆಯಲ್ಲಿ ಬಟ್ಟೆ ಒಗೆಯುವವರೂ ಕೇಳಿದಾಗ ನಿಮ್ಮ ಕಚೇರಿ ಹೇಳಿದ್ದಿಷ್ಟು: "ನಿಮಗ್ಯಾಕ್ರೀ ಅದೆಲ್ಲ? ಶತ್ರುಗಳು ಬಂದು ನಿಮ್ಮ ಸೋಪಿನ ಡಬ್ಬಕ್ಕೆ ಬಾಂಬ್ ಹಾಕ್ತಾರಾ?"

ನಾವೂ ನಕ್ಕೆವು. ದೊಡ್ಡವರ ಜೋಕಿಗೆ ನಗದಿದ್ದರೆ ಆದೀತೇ?

ನಿಮ್ಮ ಅಣಕು ಕಾರ್ಯಾಚರಣೆಯನ್ನು ಮರೆಯುವುದುಂಟೇ! ಗುಮಾಸ್ತರು ವಿಷಗಾಳಿ ಕುಡಿದವರಂತೆ ಹುಲ್ಲಿನ ಮೇಲೆ ಹೊರಳಾಡಿದರು. ನೀವು ಗಡಿಯಾರ ನೋಡುತ್ತ ತಲೆದೂಗಿದಿರಿ. ನಿಮ್ಮ ಯೋಜನೆಯ ಹದಿನೇಳನೆಯ ಪುಟ "ರೋಗಿಯ ಬಟ್ಟೆಯನ್ನು ಮೊದಲು ತೆಗೆಯತಕ್ಕದ್ದು" ಎನ್ನುತ್ತದೆ. ಕ್ಯಾಮೆರಾದ ಮುಂದೆ ಗುಮಾಸ್ತರ ಬಟ್ಟೆ ಬಿಚ್ಚಿಸುವುದು ಸಭ್ಯತೆಯಲ್ಲವೆಂದು ಅದೊಂದನ್ನು ಕೈಬಿಟ್ಟಿರಿ. ಗುಮಾಸ್ತರ ಮಾನ ಉಳಿಯಿತು. ಬಿಚ್ಚಿದ ಬಟ್ಟೆ ಎಲ್ಲಿಗೆ ಹೋಗಬೇಕು ಎಂಬ ಪ್ರಶ್ನೆ ಮಾತ್ರ ಯಾರ ತಲೆಗೂ ಹೊಳೆಯಲಿಲ್ಲ.

ಕಳೆದ ತಿಂಗಳು ಗೋದಾಮೊಂದರಲ್ಲಿ ಕೀಟನಾಶಕದ ಪೀಪಾಯಿ ಒಡೆಯಿತು. ಒಂಬತ್ತು ಹಮಾಲರನ್ನು ಹೊತ್ತು ತಂದರು, ಬಾಯಲ್ಲಿ ನೊರೆ. ದಾದಿಯರು ಹದಿನೇಳನೆಯ ಪುಟವನ್ನು ಚಾಚೂ ತಪ್ಪದೆ ಪಾಲಿಸಿದರು. ಒಂಬತ್ತು ಜನವೂ ಬದುಕಿದರು. ಆ ಹೆಣ್ಣುಮಕ್ಕಳಿಗೆ ಕೈಮುಗಿಯುತ್ತೇನೆ. ತೆಗೆದ ಬಟ್ಟೆ? ವಾರ್ಡಿನ ಹಾಸು ಹೊದಿಕೆಯ ಜೊತೆ ರಬ್ಬರ್ ಶೀಟಿನಲ್ಲಿ ಗಂಟು ಕಟ್ಟಿ, ಎಂದಿನಂತೆ ಲಿಫ್ಟಿಗೆ ನೂಕಿದರು. ಲಿಫ್ಟ್ ನಡೆಸುವವನು ನಾನು. ಕೆಳಗೆ ಹತ್ತೊಂಬತ್ತು ವರ್ಷಗಳಿಂದ ಒಗೆಯುತ್ತಿರುವವಳು ನನ್ನ ಒಡಹುಟ್ಟಿದ ಅಕ್ಕ.

"ಏನೋ ಇದು, ಇಷ್ಟು ನಾತ?" ಎಂದಳು.

"ನಿಂಗೆ ಯಾವತ್ತು ಮಲ್ಲಿಗೆ ಕಳಿಸಿದೀನಕ್ಕಾ? ಏನಿಲ್ಲ, ಬಿಚ್ಚು ಬೇಗ, ಮೇಲೆ ಬೆಲ್ ಹೊಡೀತಿದಾರೆ."

ಬಿಚ್ಚಿದಳು. ಒಂದೊಂದೇ ಜೇಬು ತಡಕಿದಳು. ಯಾರದೋ ಮನೆಯ ಬೀಗದ ಕೈ, ಯಾರದೋ ಮಗುವಿನ ಫೋಟೊ ಒಗೆತಕ್ಕೆ ಸಿಗಬಾರದೆಂದು ಎತ್ತಿಡುವುದು ಅವಳ ರೂಢಿ. ನಾನು ಮತ್ತೆ ಕೆಳಗಿಳಿದಾಗ ಉರಿಯುವ ಟ್ಯೂಬ್‌ಲೈಟಿನ ಅಡಿಯಲ್ಲೇ ಗೋಡೆ ತಡವುತ್ತಿದ್ದಳು. "ತಮ್ಮಾ, ಕರೆಂಟ್ ಹೋಯ್ತೇನೋ? ಯಾಕಿಷ್ಟು ಕತ್ಲೆ?"

ವಿಷ ಮೆತ್ತಿದ ಅವಳ ಬಟ್ಟೆ ತೆಗೆಯಬೇಕಲ್ಲ, ಕೈಗವಸಿಗೆಂದು ಸ್ಟೋರಿಗೆ ಓಡಿದೆ. ಅಲ್ಲಿನವರು ಕೂತಲ್ಲಿಂದಲೇ ಕೇಳಿದರು: "ಇದು ದಾಳಿ ಅಂತ ಮೇಲಿಂದ ಆರ್ಡರ್ ಬಂದಿದೆಯಾ? ಸೀಲ್ ಒಡೆದ್ರೆ ತಪಾಸಣೆಗೆ ಬಂದೋರಿಗೆ ಯಾರು ಉತ್ತರ ಹೇಳೋದು, ನಿಮ್ಮಪ್ಪಾನಾ?" ಬರಿಗೈಯಲ್ಲೇ ಅವಳ ಬಟ್ಟೆ ತೆಗೆದು, ಮೇಲೆ ದಾದಿಯರ ಬಳಿಗೆ ಹೊತ್ತೊಯ್ದೆ.

ಮಾನ್ಯರೇ, ತನ್ನನ್ನು ಶತ್ರು ಎರಚಿದನೋ ಗೋದಾಮಿನವನು ಸೋರಿಸಿದನೋ ಎಂದು ವಿಚಾರಿಸಿಕೊಂಡು ವಿಷ ಮೈಗಿಳಿಯುತ್ತದೆಯೇ? ನಾಳೆ ಅಸಲಿ ಶತ್ರುವೇ ಬಂದರೆ ಮೂರು ಪ್ರತಿಗಳಲ್ಲಿ ಅರ್ಜಿ ಕೊಟ್ಟು ಬರುತ್ತಾನೆಯೇ? ಇನ್ನು ನಿಮ್ಮ ಜೈವಿಕ ದಾಳಿ: ರೋಗಾಣು ಗಂಟಿನೊಳಗೆ ಆರಾಮಾಗಿ ಕೂತು ವಾರ್ಡಿನಿಂದ ವಾರ್ಡಿಗೆ ಸವಾರಿ ಹೊರಡುತ್ತದೆ. ಗುಂಡಿ ಒತ್ತಲು ನಾನಿದ್ದೇನಲ್ಲ!

ಅಕ್ಕ ಸಾಯಲಿಲ್ಲ. ಕೈನಡುಕ ಇನ್ನೂ ನಿಂತಿಲ್ಲ. ಅದೇ ಕೈಗೆ ನಿಮ್ಮ ನೋಟಿಸು ತಲುಪಿದೆ: ಕೈಗವಸು ಧರಿಸದೆ ನಿರ್ಲಕ್ಷ್ಯ ತೋರಿದ್ದಕ್ಕೆ ಕೆಲಸದಿಂದ ಏಕೆ ತೆಗೆಯಬಾರದು? ಓದಿ ಹೇಳಿದೆ. ಕೇಳಿಸಿಕೊಂಡು ಅಂದಳು: "ಬೀರು ಒಳಗಿರೋ ಕೈಗವಸು ಹಾಕ್ಕೊಳ್ಳೋಕೆ ನಂಗೆ ಎಷ್ಟುದ್ದ ಕೈ ಇರ್ಬೇಕಿತ್ತಂತೆ, ಕೇಳ್ಕೊಂಡು ಬಾರೋ."

ಕೇಳುತ್ತಿದ್ದೇನೆ.

ನೋಟಿಸನ್ನು ಹಿಂತೆಗೆದುಕೊಳ್ಳಿ. ಅವಳು ಗುಣವಾಗುವ ತನಕ ಸಂಬಳ ಸಮೇತ ಚಿಕಿತ್ಸೆ ಕೊಡಿ. ಸೀಲ್ ಒಡೆದು ಕೈಗವಸನ್ನು ಕೈಗಳಿರುವವರಿಗೆ ಹಂಚಿ. ವಿಷದ ಬಟ್ಟೆಗೆ ಬೇರೆ ಚೀಲ, ಬೇರೆ ದಾರಿ ಮಾಡಿ. ನಿಮ್ಮ ಸಮಿತಿಯಲ್ಲಿ ಒಂದು ಕುರ್ಚಿ ನೆಲಮಾಳಿಗೆಯವರಿಗಿರಲಿ. ಕುರ್ಚಿಗೇನು ಬರವಿಲ್ಲ, ಎಲ್ಲಿವೆಯೆಂದು ಆಗಲೇ ಹೇಳಿದೆ.

ನಿಮ್ಮ ಮುಂದಿನ ಸಭೆಗೆ ಲಿಫ್ಟಿನವರು, ಒಗೆಯುವವರು, ಕಸದವರು, ಹೆಣ ಹೊರುವವರು, ನಿಮ್ಮ ಯೋಜನೆಯ ಯಾವ ಪುಟದಲ್ಲೂ ಇಲ್ಲದ ನಾವೆಲ್ಲ ಬರುತ್ತೇವೆ. ಒಂದು ಗಂಟು ತಂದು ಮೇಜಿನ ಮೇಲಿಡುತ್ತೇವೆ. ಬರಿಗೈಯಲ್ಲಿ ಬಿಚ್ಚಿ. ಹೆದರಬೇಡಿ, ಒಳಗಿರುವುದು ಒಗೆದ ಹಾಸುಗಳೇ, ಏನಿಲ್ಲ. ನನ್ನ ಮಾತು ನಂಬಿ. ಅಕ್ಕನೂ ನಂಬಿದ್ದಳು.

ಬರುವ ಗುರುವಾರ, ಬೆಳಗ್ಗೆ ಹನ್ನೊಂದು ಗಂಟೆಗೆ.

ಇಂತಿ,
ಆ ಗಂಟನ್ನು ಕೆಳಗಿಳಿಸಿದ ತಮ್ಮ