ಅಡವಿಯ ದಾರಿಗೆ ಮುಂದಾಳು

ಫಸಲಿ ೧೩೩೦, ಮಾಘ ಮಾಸ, ಶನಿವಾರ. ಕಮಲಾಪುರ.

ಈ ಅಡವಿಯಾಗ ದಾರಿ ತಪ್ಪಿದ ಚಿರತಿ ಸೈತ ನನ್ನನ್ನೇ ಬಂದು ಕೇಳತದ. ಅಂಥ ನನ್ನ ಬಿಟ್ಟು, ನಾಳೆ ಮನಿಮಂದಿ ಎಲ್ಲಾ ನನ್ನ ಹೆಂಡತಿ ತಮ್ಮ ದೌಲಪ್ಪನ ಹಿಂದ ನಡಿಯತಾರಂತ! ಕಲಬುರಗಿ ಬ್ರಹ್ಮಪುರದಾಗ ಗಾದಿ ಮ್ಯಾಲ ಕೂತು ಅರಿವಿ ಮಾರಾಂವ ಅವ.

ಮುಂಜಾನೆ ಹೋಗಿ ಸಂಜೀಕ ಬರೋ ತಿರುಗಾಟ. ಅವ್ವನೂ ಬರತಾಳ. ದಾರಿಯಾಗ ಲಿಂಗಪೂಜೆಗೆ ನೀರು ಸಿಗದಿದ್ದರ ಆಕಿ ರೊಟ್ಟಿ ಮುಟ್ಟೋದಿಲ್ಲ. ನನ್ನ ದಾರಿಯ ಮಡುವಿನಾಗ ನೀರು ಅದ ಅಂತ ನಾನು ಎದಿ ತಟ್ಟಿ ದೌಲಪ್ಪನ ಕೂಡ ಶರತ್ತು ಕಟ್ಟಿದೆ. ಇವತ್ತು ದೌಲಪ್ಪ ತಾನೇ ಹೋಗಿ ನೋಡಿ, ಮಡುವಿನ ಬಿರಿದ ಮಣ್ಣು ವಸ್ತ್ರದಾಗ ಕಟ್ಟಿಕೊಂಡು ಬಂದ.

"ಮಾವಾರ, ಇದನ್ನ ಹಿಂಡಿದರ ನೀರು ಬರತದೇನ್ರೀ?" ಅಂದ.

ಅಣ್ಣನ ಮಗಳು ಸೂಗಮ್ಮ, "ಕಾಕಾ, ನೀ ಬುತ್ತಿ ಗಂಟು ಹೊರು. ದಾರಿ ದೌಲಪ್ಪ ಮಾಮಾ ತೋರಸತಾನ," ಅಂತ ನಕ್ಕಳು.

ಅದೂ ಹೋಗಲಿ. ಅವ್ವ ಅವನ ಬೆನ್ನ ಮ್ಯಾಲ ಕೈ ಆಡಿಸಿ, "ಭಾಳ ಶಾಣ್ಯಾ ನೀ," ಅಂದಳು. ಆ ಮಾತು ನನಗ ಯಾವಾಗ ಅಂದಿದ್ದಳೋ, ಎಷ್ಟು ನೆನಸಿದರೂ ನೆನಪಾಗವಲ್ದು. ಹೊಟ್ಟಿ ಉರಿಯಾಕತ್ತದ.

ಶರತ್ತಿನಾಗ ಎಂಟಾಣೆ ಹೋತು ಅಂತ ಹೆಂಡತಿಗೆ ಹೇಳೀನಿ. ಖರೇ ಹೋದದ್ದು ಐದು ರೂಪಾಯಿ, ನಮ್ಮ ಸರಕಾರದ ಹಾಲಿ ಸಿಕ್ಕಾ ನಾಣ್ಯ.