ಒಂದರಿಂದ ಏಳು

ಆಸ್ಪತ್ರೆಯ ಮಾನ್ಯ ಮುಖ್ಯಾಧಿಕಾರಿಗಳೇ,

ನಿಮ್ಮ ಕುರ್ಚಿ ಮೇಲೆ ನನಗೆ ಕಣ್ಣಿದೆ. ಗಾಬರಿ ಬೇಡ, ಅಧಿಕಾರದ ಕುರ್ಚಿ ಅಲ್ಲ. ನಿಮ್ಮ ಕೋಣೆ ಹೊರಗೆ ಅತಿಥಿಗಳಿಗೆ ಅಂತ ಇಟ್ಟಿದ್ದೀರಲ್ಲ, ಒರಗಿದ್ರೆ ಹಿಂದಕ್ಕೆ ಬಾಗಿ ಕಾಲು ಎತ್ತಿಕೊಡೋ ಚಕ್ರದ ಕುರ್ಚಿ, ಅದು. ಹೊಟ್ಟೆಕಿಚ್ಚು ಅಂತೀರಾ? ಹೌದು ಸ್ವಾಮಿ. ನನ್ನ ಹೆಂಡತಿಗೆ ಅಂಡಾಶಯದ ಕ್ಯಾನ್ಸರ್. ಅವಳ ಹೊಟ್ಟೇಲಿ ಗಡ್ಡೆ, ನನ್ನ ಹೊಟ್ಟೇಲಿ ಕಿಚ್ಚು. ಗಂಡ ಹೆಂಡತಿ ಅಂದ್ಮೇಲೆ ಸಮಪಾಲು ಇರಬೇಕಲ್ಲ.

ಮೂರು ವಾರಕ್ಕೊಮ್ಮೆ ಕೀಮೋ. ನೀರು ತುಂಬಿದ ಹೊಟ್ಟೆ ಹೊತ್ಕೊಂಡು ಕೀಮೋ ಕೋಣೆಯ ಕಬ್ಬಿಣದ ಬೆಂಚಿನ ಮೇಲೆ ಆರು ಗಂಟೆ ನೆಟ್ಟಗೆ ಕೂತಿರ್ತಾಳೆ. ಅದೇ ಕಾರಿಡಾರ್ ಕೊನೇಲಿ ನಿಮ್ಮ ಕುರ್ಚಿ, ಪ್ಲಾಸ್ಟಿಕ್ ಹೊದ್ದು ಹಾಯಾಗಿ ಮಲಗಿರತ್ತೆ. ಧೂಳು ತಾಗಬಾರದಂತೆ. ಅದಕ್ಕೆ ಸಿಗೋ ಆರೈಕೆ ನೋಡಿ, ಹೋದ ಜನ್ಮದಲ್ಲಿ ಏನು ಪುಣ್ಯ ಮಾಡಿತ್ತೋ ಅಂತ ಕರುಬ್ತೀನಿ.

ನಾನು ಮೂವತ್ತನಾಲ್ಕು ವರ್ಷ ಬಸ್ ಕಂಡಕ್ಟರ್ ಆಗಿದ್ದೋನು. 'ಏಳಪ್ಪ, ಏಳು' ಅಂತ ಗಟ್ಟಿಮುಟ್ಟಾದವರನ್ನ ಎಬ್ಬಿಸಿ ಎಷ್ಟು ಜನ ಬಸುರಿಯರಿಗೆ ಸೀಟು ಕೊಡಿಸಿದೀನಿ. ಸ್ವಂತ ಹೆಂಡತಿಗೇ ಸೀಟಿಲ್ಲ ಅಂದ್ರೆ? ಹೋದ ಸೋಮವಾರ ಕುರ್ಚಿಗೆ 'ದುರಸ್ತಿಗೆ' ಅಂತ ಚೀಟಿ ಅಂಟಿಸಿ, ನಿಮ್ಮವರ ಎದುರೇ ಅವಳ ಹತ್ರ ತಳ್ಕೊಂಡು ಹೋದೆ. ಚೀಟಿ ಇದ್ರೆ ನಿಮ್ಮಲ್ಲಿ ಯಾರೂ ಏನೂ ಕೇಳಲ್ಲ. ಒಬ್ಬರಂತೂ ಬಾಗಿಲು ಹಿಡ್ಕೊಂಡು ನಿಂತ್ರು.

ಅವಳು ಒರಗಿದಳು. "ಏನ್ರೀ, ಯಾರದಿದು?"

"ನಿನ್ನದೇ ಕಣೆ."

"ನಿಮ್ಮ ಸುಳ್ಳು ಇಷ್ಟು ಮೆತ್ತಗಿರತ್ತೆ ಅಂತ ಗೊತ್ತಿರ್ಲಿಲ್ಲ" ಅಂದವಳು ಹಾಗೇ ನಿದ್ದೆ ಹೋದಳು. ನಾಲ್ಕು ತಿಂಗಳಲ್ಲಿ ಮಾತ್ರೆ ಇಲ್ಲದೆ ಬಂದ ಮೊದಲ ನಿದ್ದೆ. ಒಂದು ಗಂಟೆ. ಆಮೇಲೆ ಸೆಕ್ಯೂರಿಟಿಯವನು ಬಂದ. "ಏಳಮ್ಮ, ಏಳು."

ಮತ್ತೆ ಬೆಂಚಿಗೆ ಬಂದು ಕೂತಾಗ ನಿಮ್ಮ ಫಾರಂ ಬಂತು. 'ನಿಮ್ಮ ಜೀವನದ ಗುಣಮಟ್ಟ ಹೇಗಿದೆ? ಒಂದರಿಂದ ಏಳರೊಳಗೆ ಅಂಕ ಕೊಡಿ.' ಗುಣ ಆಗಲ್ಲ, ಹದಿನೆಂಟು ತಿಂಗಳು ಅಂತ ಡಾಕ್ಟ್ರು ಆಗಲೇ ಹೇಳಿದ್ರು. ಉಳಿದಿದ್ದು ಮಟ್ಟ, ಅದನ್ನ ನೀವು ಮಟ್ಟ ಹಾಕಿದ್ರಿ. ಅವಳು ಕನ್ನಡಕ ಹಾಕ್ಕೊಂಡು ಬರೆದಳು: 'ಏಳು. ಇದು ಅಂಕ ಅಲ್ಲ, ನೀವಂದ ಮಾತು.'

ನಲವತ್ತು ವರ್ಷ ಶ್ಲೇಷೆ ನನ್ನ ಸ್ವತ್ತು ಅನ್ಕೊಂಡಿದ್ದೆ. ಅದರಲ್ಲೂ ನನ್ನ ಮೀರಿಸಿಬಿಟ್ಟಳು. ಅದಕ್ಕೂ ಹೊಟ್ಟೆಕಿಚ್ಚೇ.

ತಿಂಗಳು ಜಾಸ್ತಿ ಮಾಡಿ ಅಂತ ಕೇಳ್ತಿಲ್ಲ, ಅದು ನಿಮ್ಮ ಕೈಲಿಲ್ಲ. ಕುರ್ಚಿ ಇದೆ. ಅವಳ ಮುಂದಿನ ಸರದಿಯೊಳಗೆ ಅದು ಕೀಮೋ ಕೋಣೆಗೆ ಬರಲಿ, ಜೊತೆಗೆ ಅಂಥವೇ ಇನ್ನೂ ಆರು. ಅಲ್ಲಿ ಕೂರೋ ಹೆಂಗಸರು ಏಳು ಜನ. ಎಬ್ಬಿಸೋ ಏಳು ಸಾಕು, ಕೂರಿಸೋ ಏಳು ಕೊಡಿ.

ಇಂತಿ,
ಒಂದೇ ಗಂಟೇಲಿ ಕುರ್ಚಿ ಕಳ್ಕೊಂಡ ಮಾಜಿ