ಬಲೆಯೊಳಗಿನ ಹವಳ

ಮಂಗಳವಾರ, ಬೆಳಿಗ್ಗೆ

ಮುಂಗೋಪಿ ತಮ್ಮನಿಗೆ ಅಕ್ಕನ ಪ್ರೀತಿಯ ಆಶೀರ್ವಾದ.

ನಿನ್ನ ಕಾಗದ ಬಂದು ಎಷ್ಟೋ ದಿನವಾಯಿತು. ಉತ್ತರವಿಲ್ಲವೆಂದು ಮುಖ ಊದಿಸಿಕೊಂಡಿರುತ್ತೀಯ, ಗೊತ್ತು. ಬರೆಯಲು ಕೂತಾಗಲೆಲ್ಲ ನಿನ್ನ ಭಾವ ಎದುರಿಗೆ ಬಂದು ನಿಲ್ಲುತ್ತಿದ್ದರು. ಅವರೆದುರೇ ‘ಚೆನ್ನಾಗಿದ್ದೇವೆ’ ಎಂದು ಸುಳ್ಳು ಬರೆಯಲು ಕೈ ಬರಲಿಲ್ಲ.

ಬಲೆಯ ವಿಷಯದಲ್ಲಿ ನೀನು ಹೇಳಿದ್ದೇ ಆಯಿತು. ಹವಳದ ದಿಬ್ಬದ ಕಾವಲು ಅವರ ಕೆಲಸ. ಬೆಸ್ತರ ದೋಣಿ, ಲಂಗರು ಯಾವುದೂ ತಾಗಬಾರದೆಂದು ಸುತ್ತಲೂ ಬಲೆ ಕಟ್ಟಿಸಿದರಲ್ಲ? “ಬಲೆ ಕಣ್ಣು ಸಣ್ಣದಾಯ್ತು ಭಾವ, ಪಾಚಿ ಮೇಯೋ ಮೀನೂ ಒಳಗೆ ಹೋಗೋಲ್ಲ” ಎಂದೆ ನೀನು. “ನೀನೇನು ಬೆಸ್ತರ ವಕೀಲನೇನೋ?” ಎಂದು ಅವರು ರೇಗಿದರು. ನೀನೋ ಚೀಲ ಹೆಗಲಿಗೇರಿಸಿ ಹೊರಟೇಬಿಟ್ಟೆ.

ಈಗ ಬಲೆಯ ಹೊರಗಿನ ಬಂಡೆಗಳು ಗುಡಿಸಿಟ್ಟ ಅಂಗಳದಂತೆ ಚೊಕ್ಕಟವಾಗಿವೆ. ಒಳಗೆ ಕಂದು ಪಾಚಿ ಆಳೆತ್ತರ ಬೆಳೆದು ಹವಳವೇ ಕಾಣುವುದಿಲ್ಲ. ಕೊನೆಗೆ ಹೋದ ತಿಂಗಳು ಒಂದು ಬದಿಯ ಬಲೆ ಬಿಚ್ಚಿಸಿದರು. ಪಾಚಿ ಮೇಯುವ ಗಿಳಿಮೀನುಗಳು ಬಂದವು, ಪಾಚಿಯ ಅಂಚಿನಲ್ಲೇ ನಿಂತು ತಿರುಗಿ ಹೋದವು. ಆ ಕತ್ತಲೊಳಗೆ ಏನು ಹೊಂಚು ಹಾಕಿ ಕೂತಿದೆಯೋ ಎಂದು ಅವಕ್ಕೂ ಭಯ.

“ಅವು ಮೇಯದಿದ್ರೆ ನಾನೇ ಮೇಯ್ತೀನಿ” ಎಂದರು. ನಾನು ನಕ್ಕೆ, ಅವರು ನಗಲಿಲ್ಲ. ಅಂದಿನಿಂದ ದಿನವೂ ಚಾಕು ಹಿಡಿದು ಇಳಿಯುತ್ತಾರೆ. ಕಿತ್ತಷ್ಟೂ ಬೆಳೆಯುತ್ತದೆ. ಬಚ್ಚಲಲ್ಲಿ ಪಾಚಿ, ದಿಂಬಿನ ಮೇಲೂ ಪಾಚಿಯ ಚೂರು. ಊಟಕ್ಕೆ ಕೂತರೂ ಬೆರಳುಗಳು ತಟ್ಟೆಯ ಅಂಚಿನಿಂದ ಏನನ್ನೋ ಕೀಳುತ್ತಲೇ ಇರುತ್ತವೆ. ನನಗೆ ಹೆದರಿಕೆಯಾಗುತ್ತಿದೆ ಕಣೋ.

ದೋಣಿಯಲ್ಲಿ ನಾನು ಕೂತಿರುತ್ತೇನೆ. ಅವರ ಸೊಂಟಕ್ಕೆ ಕಟ್ಟಿದ ಹಗ್ಗದ ತುದಿ ನನ್ನ ಕೈಯಲ್ಲಿರುತ್ತದೆ. ನಾನು ಎಳೆದರೆ ಅವರೂ ಒಮ್ಮೆ ಎಳೆಯಬೇಕು, ಹಾಗೆಂದರೆ ಕ್ಷೇಮ. ನೀನೇ ಕಲಿಸಿದ್ದಲ್ಲವೇ? ಆ ಒಂದು ಜಗ್ಗಿಗೇ ನನ್ನ ಜೀವ ನಿಂತಿದೆ.

ಸಿಟ್ಟು ಬಿಟ್ಟು ಒಮ್ಮೆ ಬಾ. ಎಷ್ಟು ಬೈದರೂ ಅವರು ಬಗ್ಗುವುದು ನಿನ್ನ ಮಾತಿಗೆ ಮಾತ್ರ. ಎಲ್ಲೇ ಇದ್ದರೂ ಹೊಟ್ಟೆ ತುಂಬ ಉಣ್ಣು, ತಣ್ಣಗಿರು.

ನಿನ್ನ ಅಕ್ಕ

ತಾ.ಕ.: ಇದು ಮರೆತದ್ದಲ್ಲ, ಬರೆಯಲು ಹೆದರಿದ್ದು. ನಿನ್ನೆ ಎಳೆದಾಗ ಹಗ್ಗ ಹಗುರವಾಗಿ ಮೇಲೆ ಬಂತು. ತುದಿಯಲ್ಲಿ ಅವರಿರಲಿಲ್ಲ, ಬುಡ ಕಿತ್ತುಬಂದ ಪಾಚಿಯ ಒಂದು ಕಂತೆ ಇತ್ತು, ನೀನು ಕಲಿಸಿದ ಗಂಟಿನಲ್ಲೇ ಬಿಗಿಯಾಗಿ ಕಟ್ಟಿತ್ತು. ನಾನು ಕಿರುಚುವಷ್ಟರಲ್ಲಿ ದೂರದಲ್ಲಿ ತಲೆ ಎತ್ತಿದರು. “ಕೆಲಸಕ್ಕೆ ಅಡ್ಡ ಬರುತ್ತೆ, ಅದಕ್ಕೇ ಇಳಿದ ಕೂಡಲೇ ಬಿಚ್ಚಿ ಪಾಚಿಗೆ ಕಟ್ತೀನಿ. ಮೊದಲಿಂದಲೂ ಹಾಗೇ ಮಾಡ್ತಿದ್ದೀನಿ” ಎಂದರು. ಇಷ್ಟು ದಿನ ನಾನು ಎಳೆದಾಗ ಬಾಗಿ, ತಿರುಗಿ ಜಗ್ಗಿ ನನಗೆ ಕ್ಷೇಮ ಹೇಳುತ್ತಿದ್ದದ್ದು ಆ ಪಾಚಿ. ಇವತ್ತು ನನ್ನನ್ನು ಎಬ್ಬಿಸದೆ ಹೋಗಿದ್ದಾರೆ. ಹಗ್ಗ ಇಲ್ಲೇ, ಗೋಡೆಯ ಮೊಳೆಯ ಮೇಲಿದೆ.